ಮಕ್ಕಳು ಮಲಗುವ ಕೊಠಡಿಯನ್ನು ಸಮರ ಕೊಠಡಿಯನ್ನಾಗಿಸುವ ಅಭಿಯಾನದ ಬಗ್ಗೆ

ಕಾರ್ಯತಂತ್ರ ಯೋಜನಾ ವಿಭಾಗ
(ಪ್ರಚಾರ, ಹಕ್ಕೊತ್ತಾಯ ಹಾಗೂ ಸಂಸ್ಥಾ ಪರಿವರ್ತನೆ)
ನಾಲ್ಕನೇ ಮಹಡಿ; ಲಿಫ್ಟ್ ಮೂರನೆಯವರೆಗೆ ಮಾತ್ರ

ಸಂಖ್ಯೆ: ಕಾಯೋವಿ/ಸೋಲು/1

ಸುತ್ತೋಲೆ

ವಿಷಯ: ವಿಭಾಗದ ಚೊಚ್ಚಲ ಸ್ವಂತ ಅಭಿಯಾನವು ಸೋತಿರುವ ಬಗ್ಗೆ, ಹಾಗೂ ಅದನ್ನು ಸೋಲಿಸಿದ ಕೀರ್ತಿಯೂ ಇದೇ ವಿಭಾಗಕ್ಕೆ ಸಲ್ಲುವ ಬಗ್ಗೆ.

ಉಲ್ಲೇಖ: 1. ಸಮರ ಕೊಠಡಿ ಕೋರಿ ಈ ವಿಭಾಗ ಸಲ್ಲಿಸಿದ ಪ್ರಸ್ತಾವನೆ.
2. ಸದರಿ ಪ್ರಸ್ತಾವನೆಯನ್ನು ಮಣಿಸಲು ಇದೇ ವಿಭಾಗ ಸಿದ್ಧಪಡಿಸಿಕೊಟ್ಟ ಯೋಜನೆ.
3. ಆಯುಕ್ತರ ಮೌಖಿಕ ಆದೇಶ (ಪಿಸುಮಾತಿನಲ್ಲಿ).

ಕಟ್ಟಡದಲ್ಲಿ ಹಬ್ಬಿರುವ ಊಹಾಪೋಹಗಳನ್ನು, ವಿಶೇಷವಾಗಿ ಮೆಟ್ಟಿಲ ಬಳಿ ಕೇಳಿಬರುತ್ತಿರುವ ನಗುವನ್ನು ಗಮನದಲ್ಲಿಟ್ಟುಕೊಂಡು, ನಡೆದದ್ದನ್ನು ನಡೆದಂತೆಯೇ ಎಲ್ಲ ಸಿಬ್ಬಂದಿಯ ತಿಳುವಳಿಕೆಗೆ ತರಲಾಗುತ್ತಿದೆ.

1. ಚುನಾವಣೆಗೆ ನಿಲ್ಲುವವರಿಗೆ, ಬೇಡಿಕೆ ಇಡುವ ಸಂಘಗಳಿಗೆ, ಬದಲಾಗಲು ಒಲ್ಲದ ಕಚೇರಿಗಳಿಗೆ ಯೋಜನೆ ಹಾಕಿಕೊಡುವುದು ಈ ವಿಭಾಗದ ಕೆಲಸ. ಹೀಗೆ ಕಂಡವರನ್ನೆಲ್ಲ ಗೆಲ್ಲಿಸುತ್ತಲೇ ತಲೆಗೂದಲು ಹಣ್ಣಾಗಿಸಿಕೊಂಡ ವಿಭಾಗದ ಮುಖ್ಯಸ್ಥರು (ಮುಂದೆ ‘ಕೆಳಸಹಿದಾರರು’) ತಮ್ಮದೆನ್ನುವ ಒಂದು ಅಭಿಯಾನವನ್ನೂ ನಡೆಸಿರಲಿಲ್ಲ. ನಿವೃತ್ತಿ ಹತ್ತಿರ ಬಂದಿತ್ತು. ತಮ್ಮ ಹೆಸರಿನಲ್ಲಿ ಒಂದೇ ಒಂದು ಗೆಲುವಾದರೂ ಇರಲಿ ಎಂಬ ಆಸೆ ಅವರಲ್ಲಿ ಹುಟ್ಟಿತ್ತೆಂದು ಈ ಮೂಲಕ ದಾಖಲಿಸಲಾಗಿದೆ. ಆಸೆಗೆ ಮೇಲಧಿಕಾರಿಗಳ ಪೂರ್ವಾನುಮತಿ ಪಡೆದಿರಲಿಲ್ಲ.

2. ಆ ಗೆಲುವಿಗೆ ನೆಲಮಹಡಿಯಲ್ಲಿ, ಮೆಟ್ಟಿಲ ಹಿಂಬದಿಯಲ್ಲಿರುವ ಶಿಶುಪಾಲನಾ ಕೊಠಡಿಯನ್ನು ಆರಿಸಿಕೊಳ್ಳಲಾಯಿತು. ವಿಭಾಗದ ಹಾಲಿ ಕೊಠಡಿಯ ತಲೆಯ ಮೇಲೆಯೇ ಸೋರುವ ನೀರಿನ ತೊಟ್ಟಿ ಇರುವುದರಿಂದ, ಗೋಡೆಗೆ ಅಂಟಿಸಿದ ಯೋಜನೆಗಳು ಮಧ್ಯಾಹ್ನದೊಳಗೆ ತಾವಾಗಿಯೇ ಕಳಚಿ ಬೀಳುತ್ತವೆ. ಸಿಬ್ಬಂದಿಯ ಮಕ್ಕಳನ್ನು ಹಗಲುಹೊತ್ತು ನೋಡಿಕೊಳ್ಳುವ ಸದರಿ ಕೊಠಡಿಯಲ್ಲಾದರೋ ಎರಡು ಕಡೆಯಿಂದ ಬೆಳಕು, ಒಣಗಿದ ಗೋಡೆ, ಸದ್ದಿಲ್ಲದೆ ತಿರುಗುವ ಫ್ಯಾನು. ಅದನ್ನು ‘ಸಮರ ಕೊಠಡಿ’ಯನ್ನಾಗಿ, ಅಂದರೆ ಅಭಿಯಾನಗಳಿಗೆ ಯೋಜನೆ ಹೂಡುವ ವಾರ್ ರೂಮ್ ಆಗಿ ಪರಿವರ್ತಿಸಲು ಆಯುಕ್ತರಿಗೆ ಪ್ರಸ್ತಾವನೆ ಸಲ್ಲಿಸಲಾಯಿತು; ಆಕ್ಷೇಪಣೆ ಬಂದಲ್ಲಿ ಅವರೇ ವಿಚಾರಣೆ ನಡೆಸಿ ತೀರ್ಮಾನಿಸುವರು. ಸಮರ ಯಾರ ಮೇಲೆ ಎಂಬ ಅಂಕಣವನ್ನು ಖಾಲಿ ಬಿಡಲಾಗಿತ್ತು. ಇನ್ನು ಮುಂದೆ ಸಮರ ಕೊಠಡಿ ಕೋರುವ ವಿಭಾಗಗಳು ಶತ್ರುವಿನ ವಿವರವನ್ನು ಕಡ್ಡಾಯವಾಗಿ ಒದಗಿಸತಕ್ಕದ್ದು. ಶತ್ರು ಇನ್ನೂ ನೇಮಕವಾಗಿರದಿದ್ದಲ್ಲಿ ‘ಹುದ್ದೆ ಖಾಲಿ ಇದೆ’ ಎಂದು ನಮೂದಿಸತಕ್ಕದ್ದು.

3. ಕಟ್ಟಡದಲ್ಲಿ ನಮ್ಮ ಪರ ಯಾರು, ವಿರುದ್ಧ ಯಾರು ಎಂಬ ನಕ್ಷೆಯನ್ನು ಕಿರಿಯ ಯೋಜನಾಧಿಕಾರಿಯವರು ತಯಾರಿಸಿದರು. ಪ್ರತಿಯೊಂದರಿಂದ ಪ್ರತಿಯೊಂದಕ್ಕೂ ಬಾಣ ಎಳೆಯುವ ಅಭ್ಯಾಸದಿಂದಾಗಿ ಇವರನ್ನು ಎಲ್ಲರೂ ‘ಬಾಣಗುರುತು’ ಎಂದೇ ಕರೆಯುತ್ತಾರೆ. ಸಂಬಳದ ಪಟ್ಟಿಯಲ್ಲೂ ಒಮ್ಮೆ ಹಾಗೇ ಅಚ್ಚಾಗಿತ್ತು. ಸದರಿ ನಕ್ಷೆಯಲ್ಲಿ ಮಕ್ಕಳನ್ನು ‘ಅಭಿಪ್ರಾಯವಿಲ್ಲ’ ಎಂದು ಕೈಬಿಡಲಾಯಿತು. ಸಂಜೆ ಮಗುವನ್ನೆತ್ತಿಕೊಂಡು ಬಸ್ಸಿಗೆ ಓಡುವ ತಾಯಂದಿರು ನಿಂತು ವಿರೋಧಿಸಿದ್ದನ್ನು ಯಾರೂ ನೋಡಿಲ್ಲವಾದ ಕಾರಣ ಅವರನ್ನು ‘ತಟಸ್ಥರು’ ಎಂದು ಗುರುತಿಸಲಾಯಿತು. ‘ಒಂದೇ ಕೊಠಡಿ, ನೂರು ಗೆಲುವು’ ಎಂಬ ಘೋಷಣೆಯ ಕೆಳಗೆ ಬೆರಳು ಮುಂದೆ ಚಾಚಿದ ಕೆಳಸಹಿದಾರರ ಭಾವಚಿತ್ರವುಳ್ಳ ಭಿತ್ತಿಪತ್ರವನ್ನು ಶಿಶುಪಾಲನಾ ಕೊಠಡಿಯ ಬಾಗಿಲಿಗೇ ಅಂಟಿಸಲಾಯಿತು. ಸಂಜೆಯೊಳಗೆ ಭಾವಚಿತ್ರಕ್ಕೆ ಮೀಸೆ, ಕೊಂಬು ಮತ್ತು ಬಾಲ ಬಂದಿದ್ದವು. ಇದನ್ನು ‘ಉತ್ತಮ ಜನಸ್ಪಂದನೆ’ ಎಂದು ವರದಿಯಲ್ಲಿ ಸೇರಿಸಲಾಯಿತು.

4. ಮರುದಿನ ಸಲಹೆ ಕೋರುವವರ ಸಾಲಿನಲ್ಲಿ ನಿಂತು, ಅರ್ಜಿಗೆ ಮುದ್ರೆ ಹಾಕಿಸಿಕೊಂಡು, ಕಚೇರಿಯ ಟೆಲಿಫೋನ್ ಆಪರೇಟರ್ ಒಳಗೆ ಬಂದರು. ಇವರು ಕೆಳಸಹಿದಾರರ ಸೊಸೆ. ಇವರ ಗಂಡ, ಅಂದರೆ ಕೆಳಸಹಿದಾರರ ಮಗ, ಗೂಡ್ಸ್ ರೈಲಿನ ಚಾಲಕನಾಗಿದ್ದು, ಮನೆಯಲ್ಲಿ ಇರುವುದಕ್ಕಿಂತ ಹಳಿಯ ಮೇಲೆ ಇರುವುದೇ ಹೆಚ್ಚು. ಇವರ ಮಗಳು ಪುಟ್ಟಿ, ಅಂದರೆ ಕೆಳಸಹಿದಾರರ ಮೊಮ್ಮಗಳು, ಸದರಿ ಶಿಶುಪಾಲನಾ ಕೊಠಡಿಯಲ್ಲಿಯೇ ಬೆಳೆಯುತ್ತಿರುವಳು. ಮನೆಯ ಸಂಬಂಧವನ್ನು ಕಚೇರಿಗೆ ತರಬಾರದೆಂದು ಕೆಳಸಹಿದಾರರೇ ಹಿಂದೊಮ್ಮೆ ಅಪ್ಪಣೆ ಮಾಡಿದ್ದು, ಸೊಸೆಯವರು ಅದನ್ನು ಚಾಚೂ ತಪ್ಪದೆ ಪಾಲಿಸಿಕೊಂಡು ಬಂದಿದ್ದರು. ಅಂದಿನ ಮಾತುಕತೆಯ ಯಥಾಪ್ರತಿ ಹೀಗಿದೆ:

“ಸರ್, ಒಂದು ಅಭಿಯಾನಕ್ಕೆ ಯೋಜನೆ ಬೇಕಿತ್ತು.”

“ಯಾರ ವಿರುದ್ಧ?”

“ನಿಮ್ಮ ವಿರುದ್ಧ ಸರ್.”

“ಅಲ್ಲಮ್ಮ, ಮಕ್ಕಳಿಗೆ ಬೇರೆ ವ್ಯವಸ್ಥೆ ಪರಿಶೀಲನೆಯಲ್ಲಿದೆ ಅಂತ ಪ್ರಸ್ತಾವನೇಲೇ ಬರ್ದಿದೀನಲ್ಲ?”

“ಓದ್ದೆ ಸರ್. ಪರಿಶೀಲನೆ ಅನ್ನೋದು ಯಾವ ಮಹಡೀಲಿದೆ? ಹೇಳಿದ್ರೆ ಬೆಳಿಗ್ಗೆ ಮಗೂನ ಅಲ್ಲೇ ಬಿಟ್ಟು ಬರ್ತೀನಿ.”

ಕೆಳಸಹಿದಾರರಿಂದ ಕನ್ನಡಕ ಒರೆಸಿಕೊಳ್ಳಲಾಯಿತು.

“ಆ ರೂಮ್ ಹೋದ್ರೆ ನಾನು ಕೆಲ್ಸ ಬಿಡ್ಬೇಕಾಗತ್ತೆ ಸರ್,” ಎಂದರು ಸೊಸೆ. “ಅತ್ತೆ ಮಂಡಿ ಆಪರೇಷನ್ ಆಗಿ ಮಲಗಿದಾರೆ. ಟೈಪಿಸ್ಟ್ ಅಕ್ಕಂದೂ ಇದೇ ಕತೆ. ಲಿಫ್ಟ್ ನೋಡ್ಕೊಳೋ ಅಣ್ಣಂಗಂತೂ ಹೆಂಡ್ತಿನೇ ಇಲ್ಲ. ಅವ್ರೆಲ್ಲ ಸೇರಿ ನನ್ನನ್ನ ಕಳ್ಸಿದಾರೆ. ಕೇಳಿದೋರಿಗೆ ಇಲ್ಲ ಅನ್ನೋ ಹಾಗಿಲ್ಲ ಅಂತ ನಿಮ್ಮ ಬೋರ್ಡಲ್ಲೇ ಇದೆಯಲ್ಲ ಸರ್?”

ಬೋರ್ಡಿನಲ್ಲಿ ಹಾಗೆಯೇ ಇತ್ತು. ಅದನ್ನು ಬರೆಸಿದವರೂ ಕೆಳಸಹಿದಾರರೇ. ಅರ್ಜಿಯನ್ನು ಸ್ವೀಕರಿಸಲಾಯಿತು.

5. ಎದುರಾಳಿಯ ಯೋಜನೆಯನ್ನು ತಾವೇ ಬರೆಯುವುದು ಶೋಭಿಸದೆಂದು ಕಡತವನ್ನು ಬಾಣಗುರುತು ಅವರಿಗೆ ವಹಿಸಲಾಯಿತು. ಸಾಹೇಬರು ಗೆಲ್ಲಲೆಂಬ ಸ್ವಾಮಿನಿಷ್ಠೆಯಿಂದ ಅವರು ಯೋಜನೆಯನ್ನು ಬೇಕೆಂದೇ ಕೆಡಿಸಿದರು: ಮೊಗಸಾಲೆಯಲ್ಲಿ ಮಕ್ಕಳ ಮೆರವಣಿಗೆ, ತಾಯಂದಿರಿಂದ ಸಾಮೂಹಿಕ ಕಣ್ಣೀರು, ಕೊನೆಯಲ್ಲಿ ಆಯುಕ್ತರ ಕಾರಿಗೆ ಅಡ್ಡ ಮಲಗುವುದು. ಅದನ್ನು ಕೆಳಸಹಿದಾರರು ಎರಡೆರಡು ಬಾರಿ ಓದಿದರು. ಇಂಥ ಕಳಪೆ ಯೋಜನೆ ತಮ್ಮ ವಿಭಾಗದಿಂದ ಹೊರಬೀಳುವುದೇ? ಒಂದು ಪದ ತಿದ್ದೋಣವೆಂದು ಕೆಂಪು ಶಾಯಿ ಕೈಗೆತ್ತಿಕೊಳ್ಳಲಾಯಿತು. ಹಾಳೆಯಲ್ಲಿ ಕೊನೆಗೆ ಉಳಿದದ್ದು ಕೆಂಪು ಶಾಯಿ ಮಾತ್ರ.

ತಿದ್ದಿದ ಯೋಜನೆ ಹೀಗಿತ್ತು. ಮೆರವಣಿಗೆ ಬೇಡ. ಅಳು ಬೇಡ. ಮಕ್ಕಳನ್ನು ವಿಚಾರಣೆಗೆ ಕರೆತರಬಾರದು. ವಿಚಾರಣೆಯೇ ಮಕ್ಕಳ ಬಳಿಗೆ ಬರುವಂತೆ ನೋಡಿಕೊಳ್ಳಬೇಕು. ಆದ್ದರಿಂದ ‘ವಿವಾದಿತ ಸ್ಥಳದಲ್ಲಿಯೇ, ಮಧ್ಯಾಹ್ನದ ಊಟದ ನಂತರ’ ವಿಚಾರಣೆ ನಡೆಸುವಂತೆ ಅತ್ಯಂತ ವಿನಯಪೂರ್ವಕವಾಗಿ ಕೋರಬೇಕು.

ಇಷ್ಟು ಚಂದದ ಯೋಜನೆಯನ್ನು ತಾವು ಈ ಹಿಂದೆ ಯಾರಿಗೂ ಬರೆದುಕೊಟ್ಟಿರಲಿಲ್ಲ ಎಂದು ಕೆಳಸಹಿದಾರರಿಗೆ ಅನ್ನಿಸಿತು. ಮನೆಗೆ ಹೋಗುವ ದಾರಿಯುದ್ದಕ್ಕೂ ಶಿಳ್ಳೆ ಹಾಕಲಾಯಿತು. ಮಂಡಿಗೆ ದಿಂಬು ಕೊಟ್ಟು ಮಲಗಿದ್ದ ಅವರ ಧರ್ಮಪತ್ನಿಯವರು ವಿಷಯ ಕೇಳಿ, “ಎರಡೂ ಕಡೆ ನೀವೇ ನಿಂತ್ರೆ ಮಧ್ಯ ಸಿಕ್ಕಿ ಒದ್ದಾಡೋದು ಮಗು ಕಣ್ರೀ. ಪ್ರಸ್ತಾವನೆ ವಾಪಸ್ ತಗೊಳ್ಳಿ ಅತ್ಲಾಗೆ,” ಎಂದರು.

“ಹಾಗೆಲ್ಲ ತಗೊಳಕ್ಕಾಗಲ್ಲ. ಗೆದ್ದೇ ತಗೋಬೇಕು,” ಎಂದು ಉತ್ತರಿಸಲಾಯಿತು.

“ಏನು ತಗೋಬೇಕು, ಪುಟ್ಟಿ ಮಲಗೋ ಜಾಗಾನಾ?”

ಕೈಕಾಲು ತೊಳೆದು ಊಟಕ್ಕೆ ಕೂರಲಾಯಿತು.

6. ವಿಚಾರಣೆಯ ದಿನ ಆಯುಕ್ತರು ಶಿಶುಪಾಲನಾ ಕೊಠಡಿಗೆ ದಯಮಾಡಿಸಿದರು. ಅಲ್ಲಿ ದೊಡ್ಡವರ ಕುರ್ಚಿ ಇಲ್ಲದ ಕಾರಣ ಬಾತುಕೋಳಿಯ ಚಿತ್ರವುಳ್ಳ ಪುಟಾಣಿ ಕುರ್ಚಿಗಳ ಮೇಲೆ ಆಸೀನರಾಗಬೇಕಾಯಿತು. ನೀಳಕಾಯದ ಆಯುಕ್ತರ ಮಂಡಿಗಳು ಗಲ್ಲಕ್ಕೆ ತಾಗುತ್ತಿದ್ದವು. ಬಾಣಗುರುತು ಅವರು ವಂದಿಸಲು ಎದ್ದಾಗ ಕುರ್ಚಿಯೂ ಅವರೊಂದಿಗೆ ಎದ್ದಿತು. ನೆಲದ ಮೇಲೆ ಸಾಲಾಗಿ ಹಾಸಿದ ಹಾಸಿಗೆಗಳಲ್ಲಿ ಮಕ್ಕಳು ಮಲಗಿದ್ದರು. ಅವರನ್ನು ನೋಡಿಕೊಳ್ಳುವಾಕೆಯನ್ನು ಕಟ್ಟಡವೆಲ್ಲ ದೊಡ್ಡಮ್ಮ ಎನ್ನುತ್ತದೆ. ಆಕೆ ಆಯುಕ್ತರೂ ಸೇರಿದಂತೆ ಎಲ್ಲರಿಗೂ ಹೇಳಿದರು: “ಮೆತ್ತಗೆ ಮಾತಾಡಿ. ಈಗಷ್ಟೇ ಮಲಗಿದಾವೆ. ಒಂದು ಎದ್ರೆ ಎಲ್ಲಾ ಏಳ್ತವೆ.”

ಮೈಕು ಕೆಟ್ಟರೂ ಮೈದಾನ ತುಂಬುವ ಕಂಠ ಕೆಳಸಹಿದಾರರದು. ಅವರ ವಾದದ ಜೀವಾಳವೇ ಅದು. “ಇದು ನಮ್ಮ ಅಳಿವು ಉಳಿವಿನ ಪ್ರಶ್ನೆ!” ಎಂಬ ಆರಂಭದ ವಾಕ್ಯವನ್ನು ಪಿಸುದನಿಯಲ್ಲಿ ಹೇಳಿದಾಗ, ಪಕ್ಕದ ಮನೆಯವರ ಗುಟ್ಟು ಹೇಳಿದಂತೆ ಕೇಳಿಸಿತು. ಆಯುಕ್ತರು ಕುತೂಹಲದಿಂದ ಮುಂದಕ್ಕೆ ಬಾಗಿ, “ಹೌದಾ?” ಎಂದರು. ‘ಶತ್ರು’ ಎಂಬ ಪದ ಬಂದಾಗ ಬಾಣಗುರುತು ಅವರ ಕೈಯಿಂದ ನಕ್ಷೆ ತೋರಿಸುವ ಕೋಲು ಜಾರಿ ಬಿತ್ತು.

ಪುಟ್ಟಿ ಎದ್ದಳು. ಹೊದಿಕೆಯನ್ನು ಎಳೆದುಕೊಂಡೇ ಬಂದು, ತುಟಿಯ ಮೇಲೆ ಬೆರಳಿಟ್ಟು, “ತಾತಾ, ಶ್! ಪಾಪುಗಳು ಮಲಗಿದಾವೆ,” ಎಂದಳು. ತರುವಾಯ ಕೆಳಸಹಿದಾರರ ತೊಡೆಯೇರಿ, ವಾದದ ಹಾಳೆಗಳ ಮೇಲೆಯೇ ತಲೆಯಿಟ್ಟು, ಅಂಗಿಯ ಗುಂಡಿ ಹಿಡಿದುಕೊಂಡು ನಿದ್ದೆಹೋದಳು.

“ಮುಂದುವರಿಸಿ,” ಎಂದು ಆಯುಕ್ತರು ಪಿಸುಗುಟ್ಟಿದರು.

ಹಾಳೆ ಎಳೆದರೆ ಮಗು ಎಚ್ಚರಗೊಳ್ಳುತ್ತದೆ. ಕೆಳಸಹಿದಾರರು ಹಾಳೆಯನ್ನು ನೋಡಿದರು, ಮಗುವನ್ನು ನೋಡಿದರು. ಅದರ ಬೆವರಿದ ಹಣೆಗೆ ಅಂಟಿಕೊಂಡಿದ್ದ ಕೂದಲನ್ನು ಸರಿಸಿದರು.

“ನನ್ನ ವಾದ ಮುಗೀತು ಸರ್.”

“ಸಾರ್, ಇನ್ನೂ ಮುಖ್ಯವಾದ್ದೇ ಬಂದಿಲ್ಲ!” ಎಂದು ಬಾಣಗುರುತು ಅವರು ಕಿವಿಯಲ್ಲಿ ಉಸುರಿದರು.

“ಬಂದು ಮಲ್ಗಿದೆ, ಸುಮ್ನಿರಪ್ಪ,” ಎಂದು ತಿಳಿಸಲಾಯಿತು.

7. ಎದುರಾಳಿ ಪಕ್ಷದ ಸರದಿ ಬಂದಾಗ ಸೊಸೆಯವರು ಎದ್ದು ನಿಂತು, “ನಾವು ಹೇಳೋದೇನಿಲ್ಲ ಸರ್. ನೀವು ಇಲ್ಲೇ ಒಂಚೂರು ಹೊತ್ತು ಕೂತಿರಿ, ಅಷ್ಟೇ,” ಎಂದು ಕುಳಿತರು. ಇದು ಕೆಂಪು ಶಾಯಿಯ ಯೋಜನೆಯಲ್ಲಿ ಇರಲಿಲ್ಲ. ಇದಕ್ಕಿಂತ ಉತ್ತಮವಾದುದನ್ನು ಸೂಚಿಸಲು ವಿಭಾಗಕ್ಕೆ ಇಂದಿಗೂ ಸಾಧ್ಯವಾಗಿಲ್ಲ.

ಎಲ್ಲರೂ ಕುಳಿತಿದ್ದರು. ಫ್ಯಾನು ತಿರುಗುತ್ತಿತ್ತು. ಯಾವುದೋ ಮಗು ನಿದ್ದೆಯಲ್ಲಿಯೇ ನಕ್ಕಿತು. ಬೆಳಗಿನಿಂದ ದೂರವಾಣಿಗೆ ಉತ್ತರಿಸಿ ಉತ್ತರಿಸಿ ಬಸವಳಿದಿದ್ದ ಆಯುಕ್ತರು ವಿಷಯವನ್ನು ಕಣ್ಣುಮುಚ್ಚಿ ಕೂಲಂಕಷವಾಗಿ ಪರಿಶೀಲಿಸಿದರು. ಪರಿಶೀಲನೆಯ ವೇಳೆ ಸಣ್ಣಗೆ ಗೊರಕೆಯೂ ಕೇಳಿಬಂದಿತು. ಕಣ್ಣು ತೆರೆದವರೇ, “ಈ ರೂಮು ಹೀಗೇ ಇರ್ಲಿ,” ಎಂದು ಆದೇಶಿಸಿ, ಎರಡೂ ಮಂಡಿಗಳನ್ನು ಹಿಡಿದುಕೊಂಡು ಮೇಲೆದ್ದರು. ಹೋಗುವಾಗ ಬಾಗಿಲ ಬಳಿ ತಿರುಗಿ, “ಮೇಲ್ಗಡೆ ತೊಟ್ಟಿ ಸೋರೋದನ್ನ ಯಾರಾದ್ರೂ ನೋಡ್ರಪ್ಪ,” ಎಂದೂ ಸೇರಿಸಿದರು.

8. ಸೋತ ಪಕ್ಷವು ಸ್ಥಳವನ್ನು ತೆರವುಗೊಳಿಸಬೇಕಾಗಿತ್ತು. ಆದರೆ ತೊಡೆಯ ಮೇಲೆ ಪುಟ್ಟಿ ಇದ್ದುದರಿಂದ ಸಾಧ್ಯವಾಗಲಿಲ್ಲ. ಬಾಣಗುರುತು ಅವರು ಕಣ್ಣೀರು ಒರೆಸಿಕೊಳ್ಳುತ್ತ ನಕ್ಷೆಯನ್ನು ಸುತ್ತಿಕೊಂಡು ಹೋದರು. ಸೊಸೆಯವರ ಹಿಂದೆ ಕುಳಿತಿದ್ದ ಟೈಪಿಸ್ಟ್ ಮತ್ತು ಲಿಫ್ಟ್ ನಿರ್ವಾಹಕರು ಬಾಗಿಲಾಚೆ ಹೋದ ಮೇಲೆ ಸದ್ದಿಲ್ಲದೆ ಕುಣಿದರು. ಸ್ವಿಚ್‌ಬೋರ್ಡಿಗೆ ಮರಳಬೇಕಾಗಿದ್ದ ಸೊಸೆಯವರು ಪುಟಾಣಿ ಕುರ್ಚಿಯ ಪಕ್ಕ ಬಂದು ನಿಂತರು.

“ಬೇಜಾರಾಯ್ತಾ, ಮಾವ?”

ಕಚೇರಿಯ ಆವರಣದಲ್ಲಿ ಈ ಪದ ಬಳಕೆಯಾದದ್ದು ಇದೇ ಮೊದಲು. ನಿಯಮದಂತೆ ಆಕ್ಷೇಪಿಸಬೇಕಾಗಿತ್ತು.

“ಯೋಜನೆ ಚೆನ್ನಾಗಿತ್ತಲ್ವೇನಮ್ಮ?” ಎಂದು ಕೇಳಲಾಯಿತು.

“ತುಂಬಾ ಚೆನ್ನಾಗಿತ್ತು ಮಾವ.”

“ಕೊನೇಲಿ ಸುಮ್ನೆ ಕೂತಿರಿ ಅಂದ್ಯಲ್ಲ, ಅದೆಲ್ಲಿಂದ ಬಂತು?”

“ಭಯಕ್ಕೆ ಮಾತು ಮರ್ತೋಯ್ತು. ಅದಕ್ಕೇ ಹಾಗಂದೆ.”

ಕೆಳಸಹಿದಾರರು ನಕ್ಕರು. ತೊಡೆ ಅಲುಗಿ ಮಗು ಮಿಸುಕಿದ್ದರಿಂದ ನಗುವನ್ನು ತಕ್ಷಣವೇ ಹಿಂಪಡೆಯಲಾಯಿತು. ಪುಟ್ಟಿ ಏಳುವವರೆಗೂ ಅವರು ಅಲ್ಲಿಯೇ ಕುಳಿತಿದ್ದರೆಂದೂ, ಕಾಲು ಜೋಮು ಹಿಡಿದು ತಾವು ಕೈಹಿಡಿದು ಎಬ್ಬಿಸಬೇಕಾಯಿತೆಂದೂ, ಸೋತವರ ಮುಖದಲ್ಲಿ ಇರಬೇಕಾದ ಕಳೆ ಅವರಲ್ಲಿ ಕಂಡುಬರಲಿಲ್ಲವೆಂದೂ ದೊಡ್ಡಮ್ಮನವರು ಹೇಳಿಕೆ ನೀಡಿರುತ್ತಾರೆ.

9. ಮೇಲ್ಕಂಡ ಅನುಭವದ ಬೆಳಕಿನಲ್ಲಿ ಎಲ್ಲ ಸಿಬ್ಬಂದಿಗೆ ಈ ಕೆಳಕಂಡಂತೆ ಸೂಚಿಸಲಾಗಿದೆ:

(ಅ) ವಿಚಾರಣೆ ನಡೆಯುತ್ತಿರುವಾಗ ಒಂದು ಪಕ್ಷದವರ ತೊಡೆಯ ಮೇಲೆ ಇನ್ನೊಂದು ಪಕ್ಷದವರು ಮಲಗುವುದನ್ನು ನಿಷೇಧಿಸಲಾಗಿದೆ. ಈಗಾಗಲೇ ಮಲಗಿದ್ದಲ್ಲಿ ಎಬ್ಬಿಸುವುದನ್ನೂ ನಿಷೇಧಿಸಲಾಗಿದೆ.

(ಆ) ‘ಪರಿಶೀಲನೆಯಲ್ಲಿದೆ’ ಎಂದು ಬರೆಯುವ ಅಧಿಕಾರಿಯು ಅದರ ಮಹಡಿ, ಕೊಠಡಿ ಮತ್ತು ಕೀಲಿಕೈ ಯಾರ ಬಳಿ ಇದೆ ಎಂಬುದನ್ನು ತಿಳಿಸತಕ್ಕದ್ದು.

(ಇ) ಯಾವುದೇ ಮಹತ್ತರ ಪರಿವರ್ತನೆಯನ್ನು ಮಂಡಿಸುವವರು ಮೊದಲು ಅದನ್ನು ಪಿಸುಮಾತಿನಲ್ಲಿ ಹೇಳಿ ನೋಡತಕ್ಕದ್ದು. ಹಾಗೆ ಹೇಳಿದಾಗ ಚಾಡಿಯಂತೆ ಕೇಳಿಸಿದಲ್ಲಿ ಕೈಬಿಡತಕ್ಕದ್ದು.

(ಈ) ಕೆಳಸಹಿದಾರರ ಹೆಸರಿನಲ್ಲಿ ಗೆಲುವು ಒಂದೋ, ಸೊನ್ನೆಯೋ ಎಂಬ ಬಗ್ಗೆ ಮೆಟ್ಟಿಲ ಬಳಿ ಚರ್ಚಿಸಕೂಡದು. ಊಟದ ಕೋಣೆಯಲ್ಲಿ ಚರ್ಚಿಸಬಹುದು, ಅವರೂ ಸೇರಿಕೊಳ್ಳುವರು.

ಸಹಿ/-
ಮುಖ್ಯಸ್ಥರು (ಎರಡೂ ಪಕ್ಷಗಳ ಪರವಾಗಿ)
ಕಾರ್ಯತಂತ್ರ ಯೋಜನಾ ವಿಭಾಗ

ಪ್ರತಿಗಳು:
1. ಆಯುಕ್ತರಿಗೆ: ಕಣ್ಣು ತೆರೆದು ಪರಿಶೀಲಿಸುವ ಸಲುವಾಗಿ.
2. ಬಾಣಗುರುತು ಅವರಿಗೆ: ಮಾಹಿತಿಗಾಗಿ, ಇದರ ಮೇಲೆ ಬಾಣ ಎಳೆಯಕೂಡದು.
3. ಟೆಲಿಫೋನ್ ಆಪರೇಟರ್ ಅವರಿಗೆ: ಸದರಿಯವರನ್ನು ವಿಭಾಗಕ್ಕೆ ವರ್ಗಾಯಿಸಿಕೊಳ್ಳುವ ಕೋರಿಕೆಯೊಂದಿಗೆ. ಅವರು ಒಲ್ಲೆನೆಂದಿರುತ್ತಾರೆ, ಕೋರಿಕೆ ಜಾರಿಯಲ್ಲಿರುತ್ತದೆ.
4. ಕೆಳಸಹಿದಾರರ ಧರ್ಮಪತ್ನಿಯವರಿಗೆ: “ನಾನು ಮೊದಲೇ ಹೇಳಿರ್ಲಿಲ್ವಾ” ಎಂಬ ಷರಾ ದಾಖಲಿಸಲು.
5. ಪುಟ್ಟಿಗೆ: ಓದಲು ಬಾರದ ಕಾರಣ ಕೆಳಸಹಿದಾರರೇ ಖುದ್ದಾಗಿ ಓದಿ ಹೇಳತಕ್ಕದ್ದು; ನಿದ್ದೆ ಬಂದಲ್ಲಿ, ಎಷ್ಟೇ ಮುಖ್ಯವಾದ ಕಲಮಿನಲ್ಲಿದ್ದರೂ, ಅಲ್ಲಿಗೇ ನಿಲ್ಲಿಸತಕ್ಕದ್ದು.