ಸ್ಪ್ರಿಂಗು ಹಾಜರಿದೆ

ಕಾರನ್ನು ನೆಲದತ್ತ ತಗ್ಗಿಸಿಯೂ ಕೂತವರ ಸುಖ ಕೆಡಿಸದ ಸ್ಪ್ರಿಂಗು ಒಂದೇ ಒಂದಿದೆ, ಅದು ಸೆರೆನಾ ಎಂದು ನಮ್ಮ ತಿಬುರ್ಸಿಯೊ ಊರಿನಲ್ಲಿ ಆಗ ಎಲ್ಲರೂ ನಂಬಿದ್ದರು. ನಂಬಿಕೆಗೆ ಆಧಾರವಿತ್ತು. ಮೂವತ್ತೆಂಟು ಕಿಲೋಮೀಟರ್ ಆಚೆ ಬಾರಾ ಪಟ್ಟಣದಲ್ಲಿರುವ ತಗ್ಗು ವಾಹನ ಪರಿಶೀಲನಾ ಕಚೇರಿಯ ಮುಖ್ಯಸ್ಥ ಎವರಾಲ್ದು ನಮ್ಮೂರಿನವರು. ಅವರು ತಮ್ಮ ಸ್ವಂತ ಕಾರಿಗೆ ಸೆರೆನಾವನ್ನೇ ಆರಿಸಿದ್ದರು. ಕಚೇರಿಯ ಕಿಟಕಿಯಿಂದ ನೋಡಿದವರಿಗೆ ಆ ಕಾರು ಮಾವಿನ ಮರದ ಕೆಳಗೆ, ಅವರಿಗೆ ಮೀಸಲಾದ ಜಾಗದಲ್ಲಿ, ನೆಲಕ್ಕೆ ಹೊಟ್ಟೆ ತಾಗಿಸಿ ನಿಂತಿರುವುದು ಕಾಣುತ್ತಿತ್ತು.

ವಾಲ್ದೆಮಿರ್ ಬಾರಾದ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಹೆಂಡತಿ ಜಂದಿರಾ ಅದೇ ಪಟ್ಟಣದ ನೋಂದಣಿ ಕಚೇರಿಯಲ್ಲಿ, ಜನ ತಂದ ಕಾಗದಗಳ ಸಹಿಯೂ ಮೊಹರೂ ಅಸಲಿಯೇ ಎಂದು ನೋಡಿ ಮೇಲೊಂದು ಮುದ್ರೆ ಒತ್ತುವವರು. ಇಬ್ಬರೂ ದಿನಾ ಒಂದೇ ಕಾರಿನಲ್ಲಿ ಹೋಗಿಬರುತ್ತಿದ್ದರು. ಅದಕ್ಕೆ ಎರಡು ವರ್ಷ ಮೊದಲು ಜಂದಿರಾರ ಬೆನ್ನುಮೂಳೆಗೆ ಶಸ್ತ್ರಚಿಕಿತ್ಸೆಯಾಗಿತ್ತು. ಇನ್ನೊಮ್ಮೆ ಏಟು ಬಿದ್ದರೆ ಇನ್ನೊಮ್ಮೆ ಕೊಯ್ಯಬೇಕು, ಆಮೇಲೆ ಕುರ್ಚಿಯಲ್ಲಿ ಕೂತು ಕೆಲಸ ಮಾಡುವ ಮಾತು ಮರೆತುಬಿಡಿ ಎಂದು ವೈದ್ಯರು ಹೇಳಿದ್ದರು. ಹಾಗಾಗಿ ವಾಲ್ದೆಮಿರ್ ಹನ್ನೊಂದು ಕಾರುಗಳಲ್ಲಿ ಹೆಂಡತಿಯನ್ನು ಕೂರಿಸಿ ನೋಡಿ, ಅತ್ಯಂತ ಮೆತ್ತನೆಯದನ್ನು ಕೊಂಡಿದ್ದರು. ಮನೆಯಲ್ಲಿ ಅದರ ಹೆಸರು ಸೋಫಾ.

ನಮ್ಮಲ್ಲಿ ಭಾನುವಾರ ಸಂಜೆ ಇಗರ್ಜಿಯ ಚೌಕದ ಸುತ್ತ ಕಾರುಗಳು ನಡಿಗೆಯ ವೇಗದಲ್ಲಿ ಸುತ್ತುತ್ತವೆ. ತಗ್ಗಿಸದ ಕಾರಿಗೂ ಸುತ್ತಲು ಅನುಮತಿಯಿದೆ, ಗೌರವವಿಲ್ಲ. ಒಂದು ಭಾನುವಾರ ವಾಲ್ದೆಮಿರ್‌ರ ಹಳೆಯ ಶಿಷ್ಯನೊಬ್ಬ, ಎರಡು ಸಲ ಗಣಿತದಲ್ಲಿ ಫೇಲಾದವನು, ನೆಲ ಸವರುವ ತನ್ನ ಕಾರಿನಿಂದ ಕತ್ತು ಮೇಲೆತ್ತಿ ಕೇಳಿದ: "ಮೇಷ್ಟ್ರೇ, ಇಳಿಯೋಕೆ ಏಣಿ ತರ್ಲಾ?"

ವಾಲ್ದೆಮಿರ್ ಆ ವಾರವೇ ಮೂರು ಸೆಂಟಿಮೀಟರ್ ತಗ್ಗಿಸುವುದೆಂದು ತೀರ್ಮಾನಿಸಿದರು.

"ಮೂರು ಸೆಂಟಿಮೀಟರ್ ಮರ್ಯಾದೆಗೆ ನನ್ನ ಬೆನ್ನು ಕೊಡ್ಬೇಕಾ?" ಎಂದರು ಜಂದಿರಾ.

"ಸೆರೆನಾ ಹಾಕಿದ್ರೆ ನಿಂಗೆ ಗೊತ್ತೇ ಆಗಲ್ಲ ಕಣೆ. ಪ್ರಮಾಣಪತ್ರ ಕೊಡ್ತಾರೆ."

"ಮುದ್ರೆ ಇರತ್ತಾ?"

"ಮೂರು."

ಮೂರು ಮುದ್ರೆಯ ಕಾಗದವನ್ನು ಜಂದಿರಾ ಹಗುರವಾಗಿ ಕಾಣುವವರಲ್ಲ. ಆದರೂ ಎವರಾಲ್ದು ಅವರ ಕಾರಿನಲ್ಲಿ ಒಮ್ಮೆ ಕೂತು ನೋಡುವೆನೆಂದರು. ಎವರಾಲ್ದು ಸಂತೋಷದಿಂದ ಒಪ್ಪಿ, ರಸ್ತೆಯ ಒಂಬತ್ತು ಹಂಪುಗಳ ಮೇಲೆ ಹಾಯಿಸಿ ಬೇಕರಿಯವರೆಗೆ ಕರೆದೊಯ್ದು ತಂದರು. ಜಂದಿರಾಗೆ ದಾರಿಯಲ್ಲಿ ನಿದ್ದೆ ಬಂತು. ಆಯ್ಕೆ ಮುಗಿಯಿತು.

ಮುಂದಿನದು ಕಾಗದದ ಕೆಲಸ. ಅದನ್ನು ಕಚೇರಿಗಳಲ್ಲಿ ಓಡಾಡಿಸಿಕೊಡುವ ದಲ್ಲಾಳಿ ಓಸ್ಮಾರ್ ವಹಿಸಿಕೊಂಡ. ಪರಿಶೀಲನಾ ಕಚೇರಿಯ ಗೇಟಿನಲ್ಲಿ ಒಂದು ಹಂಪು ಇದೆ. ನಿಯಮದ ಪ್ರಕಾರ ಅದರ ಎತ್ತರ ಎಂಟು ಸೆಂಟಿಮೀಟರ್. ಸಿಮೆಂಟು ಮಿಕ್ಕಿದ್ದರಿಂದ ಹದಿನಾಲ್ಕಾಗಿದೆ. ತಗ್ಗಿಸಿದ ಕಾರು ಅದರ ಮೇಲೆ ಹೊಟ್ಟೆ ಸಿಕ್ಕಿಸಿಕೊಂಡು ನಿಲ್ಲುತ್ತದೆ. ಹದಿನಾಲ್ಕನೇ ಕಲಮಿನಂತೆ ಗೇಟು ದಾಟದ ವಾಹನ ಗೈರುಹಾಜರು. ಗೈರುಹಾಜರಾದ ವಾಹನಕ್ಕೆ ಪ್ರಮಾಣಪತ್ರವಿಲ್ಲ. ಪ್ರಮಾಣಪತ್ರವಿಲ್ಲದ ತಗ್ಗು ವಾಹನವನ್ನು ಜಪ್ತಿ ಮಾಡತಕ್ಕದ್ದು. ಎವರಾಲ್ದು ಅವರ ಕಾರೊಂದೇ ಆ ಹಂಪನ್ನು ದಿನಾ ಸಲೀಸಾಗಿ ದಾಟುತ್ತಿತ್ತು. ಅದು ಸೆರೆನಾದ ಗುಣವೆಂದು ಎಲ್ಲರೂ ಒಪ್ಪಿದ್ದರು.

ಈ ತೊಡಕಿಗೆ ಕಚೇರಿ ಬಹಳ ಹಿಂದೆಯೇ ಪರಿಹಾರ ಕಂಡುಕೊಂಡಿತ್ತು. ಕಾರು ಹಳೆಯ ಸ್ಪ್ರಿಂಗಿನ ಮೇಲೆಯೇ ಬರಬೇಕು. ಹೊಸ ಸ್ಪ್ರಿಂಗು ಕಂಪನಿಯ ಡಬ್ಬಿಯಲ್ಲಿ, ಮೊಹರು ಒಡೆಯದೆ, ಡಿಕ್ಕಿಯಲ್ಲಿರಬೇಕು. ಅಧಿಕಾರಿ ಡಬ್ಬಿಯ ಮೇಲೆ ಅಂಗೈ ಇಟ್ಟು "ಸ್ಪ್ರಿಂಗು ಹಾಜರಿದೆ" ಎಂದು ಘೋಷಿಸುತ್ತಾರೆ. ಬಳಿಕ ಪರೀಕ್ಷೆ.

ವಾಲ್ದೆಮಿರ್ ಗಣಿತದವರಾದ್ದರಿಂದ ಒಂದು ಸಂದೇಹ ಎತ್ತಿದರು. ಹಾಗಾದರೆ ಪರೀಕ್ಷೆ ಆಗುವುದು ಹಳೆಯ ಸ್ಪ್ರಿಂಗಿಗಲ್ಲವೇ?

"ಮೇಷ್ಟ್ರೇ," ಎಂದ ಓಸ್ಮಾರ್, "ನೀವು ಕೆಲಸಕ್ಕೆ ಸೇರ್ದಾಗ ಪಾಠ ಮಾಡಿ ತೋರಿಸಿದ್ರಾ, ಸರ್ಟಿಫಿಕೇಟ್ ತೋರಿಸಿದ್ರಾ?"

ವಾಲ್ದೆಮಿರ್ ಸರ್ಟಿಫಿಕೇಟ್ ತೋರಿಸಿದ್ದರು.

ಸುಖದ ಪರೀಕ್ಷೆ ಕಟ್ಟುನಿಟ್ಟಾದದ್ದು. ಹಿಂದಿನ ಸೀಟಿನ ಮೇಲೆ ಅಂಚಿನವರೆಗೆ ತುಂಬಿದ ಕಾಫಿ ಲೋಟ ಇಟ್ಟು, ಕಾರನ್ನು ಎರಡು ಕಿಲೋಮೀಟರ್ ಓಡಿಸಲಾಗುತ್ತದೆ. ವಾಲ್ದೆಮಿರ್ ಅವರ ಕಾರಿನಲ್ಲಿ ಒಂದು ತೊಟ್ಟೂ ಚೆಲ್ಲಲಿಲ್ಲ. ಬೇರೆ ಎರಡು ಕಂಪನಿಯ ಸ್ಪ್ರಿಂಗುಗಳಿಗೂ ಹಿಂದೆ ಚೆಲ್ಲಿರಲಿಲ್ಲ. ಆದರೆ ಅವು ಡಿಕ್ಕಿಯ ಡಬ್ಬಿಯೊಳಗೆ ಗಡಗಡ ಸದ್ದು ಮಾಡಿದ್ದರಿಂದ ಅರ್ಧ ಅಂಕ ಕಳೆಯಲಾಗಿತ್ತು. ಸೆರೆನಾದ ಡಬ್ಬಿಯಲ್ಲಿ ದಪ್ಪ ಸ್ಪಂಜು ತುಂಬಿರುತ್ತದೆ. ಸುಖ: ಹತ್ತಕ್ಕೆ ಹತ್ತು. ಮರುವರ್ಷ ಕಂಪನಿ ಸ್ಪ್ರಿಂಗನ್ನು ಮುಟ್ಟಲಿಲ್ಲ, ಸ್ಪಂಜನ್ನು ಎರಡು ಪಟ್ಟು ಮಾಡಿತು. ಗುಣಮಟ್ಟದ ಬಗ್ಗೆ ಈ ಕಾಳಜಿಯನ್ನು ಕಚೇರಿ ಲಿಖಿತವಾಗಿ ಅಭಿನಂದಿಸಿತು. ವಾಲ್ದೆಮಿರ್‌ರ ಪ್ರಮಾಣಪತ್ರಕ್ಕೆ ಎರಡನೇ ಸಾಕ್ಷಿಯ ಸಹಿ, ಅದೇ ಶಾಲೆಯಲ್ಲಿ ಪಾಠ ಮಾಡುವ ನನ್ನದು.

ಶನಿವಾರ ಗ್ಯಾರೇಜಿನಲ್ಲಿ ಮೊಹರು ಒಡೆದು ಸೆರೆನಾ ಜೋಡಿಸಲಾಯಿತು. ಭಾನುವಾರ ಚೌಕದಲ್ಲಿ ಯಾರೂ ಏಣಿಯ ಮಾತೆತ್ತಲಿಲ್ಲ. ಸೋಮವಾರ ಬೆಳಿಗ್ಗೆ ದಂಪತಿ ಬಾರಾಗೆ ಹೊರಟರು. ಆ ದಾರಿಯಲ್ಲಿ ಇಪ್ಪತ್ತಾರು ಹಂಪುಗಳಿವೆ. ಏಳನೆಯದರಲ್ಲಿ ಜಂದಿರಾ ಕೈಚೀಲವನ್ನು ಬೆನ್ನ ಹಿಂದೆ ತುರುಕಿಕೊಂಡರು. ಹದಿನೈದನೆಯದರಲ್ಲಿ ಬಾಗಿಲ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದರು. ನೋಂದಣಿ ಕಚೇರಿ ಮುಂದೆ ಕಾರು ನಿಂತಾಗ ಅವರಿಗೆ ಇಳಿಯಲಾಗಲಿಲ್ಲ. ಸಹೋದ್ಯೋಗಿಗಳಿಬ್ಬರು ಎತ್ತಿ ಇಳಿಸಿದರು. ವೈದ್ಯರು ಚುಚ್ಚುಮದ್ದು ಕೊಟ್ಟು, ಮೂರು ವಾರ ಮಲಗಿಸಿ, ಮುಂದಿನ ಸಲ ಕತ್ತಿಯೇ ಎಂದರು.

ದೂರು ದಾಖಲಾಯಿತು. ದೂರಿಗೆ ಕಾರಣವಾದ ವಾಹನವನ್ನು ಹಾಜರುಪಡಿಸಿ ಎಂದು ಕಚೇರಿ ತಿಳಿಸಿತು. ಹಾಜರುಪಡಿಸಲು ಗೇಟು ದಾಟಬೇಕು. ಆದ್ದರಿಂದ ಹಳೆಯ ಸ್ಪ್ರಿಂಗನ್ನು ಮತ್ತೆ ಹಾಕಿ, ಸೆರೆನಾವನ್ನು ಡಬ್ಬಿಗೆ ಸೇರಿಸಲಾಯಿತು. ಮೊಹರು ಒಡೆದಿತ್ತು, ಓಸ್ಮಾರ್ ಬಳಿ ಬೇರೆ ಮೊಹರುಗಳಿದ್ದವು. ಎವರಾಲ್ದು ಅಂಗೈ ಇಟ್ಟರು, ಸ್ಪ್ರಿಂಗು ಹಾಜರಾಯಿತು, ಕಾಫಿ ಲೋಟದ ಜಾಗದಲ್ಲಿ ಜಂದಿರಾರನ್ನು ಕೂರಿಸಿ ಎರಡು ಕಿಲೋಮೀಟರ್ ಓಡಿಸಲಾಯಿತು.

"ಅಮ್ಮಾ, ಈಗ ನೋವಾಯ್ತಾ?" ಎವರಾಲ್ದು ಕೇಳಿದರು.

"ಈಗ ಇಲ್ಲ. ಈಗ ಹಳೇ ಸ್ಪ್ರಿಂಗ್ ಇದೆಯಲ್ಲ."

"ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ನೋವಾಯ್ತಾ?"

"ಇಲ್ಲ."

"ಬರ್ಕೊಳ್ಳಿ," ಎಂದರು ಎವರಾಲ್ದು ಗುಮಾಸ್ತನಿಗೆ.

ಆದೇಶ ಹತ್ತು ದಿನದಲ್ಲಿ ಬಂತು: "ಸದರಿ ಸ್ಪ್ರಿಂಗಿನಲ್ಲಿ ಯಾವುದೇ ದೋಷ ಕಂಡುಬಂದಿರುವುದಿಲ್ಲ. ಸದರಿ ಪ್ರಯಾಣಿಕಳ ಬೆನ್ನು ಸದರಿ ವಾಹನಕ್ಕೆ ಹೊಂದಿಕೊಂಡಿರುವುದಿಲ್ಲ. ಸ್ಪ್ರಿಂಗನ್ನು ಮುಂದುವರಿಸತಕ್ಕದ್ದು. ಪ್ರಯಾಣಿಕಳನ್ನು ಬದಲಾಯಿಸತಕ್ಕದ್ದು."

ಹಳೆಯ ಸ್ಪ್ರಿಂಗಿನಲ್ಲೇ ಓಡಾಡಿದರೆ ಆಗದೇ ಎಂದು ಜಂದಿರಾ ಓಸ್ಮಾರ್‌ನನ್ನು ಕೇಳಿದರು. ಆಗುವುದಿಲ್ಲ. ದಾಖಲೆಯಲ್ಲಿ ತಗ್ಗು ವಾಹನವಾಗಿರುವುದು ಮೊದಲಿನ ಎತ್ತರದಲ್ಲಿ ರಸ್ತೆಗಿಳಿದರೆ ಅಕ್ರಮವಾಗಿ ಎತ್ತರಿಸಿದಂತೆ, ಜಪ್ತಿ. ದಾಖಲೆ ತಿದ್ದಿಸಲು ಹೊಸ ಅರ್ಜಿ ಹಾಕಬಹುದಿತ್ತು. ವಾಲ್ದೆಮಿರ್ ಅದರ ನಮೂನೆಯನ್ನು ಮನೆಗೆ ತಂದರು, ತುಂಬಲಿಲ್ಲ. ಭಾನುವಾರಗಳು ಚೆನ್ನಾಗಿ ನಡೆಯುತ್ತಿದ್ದವು.

ಆದೇಶ ಹೊರಡಿಸಿದವರೇ ಅದನ್ನು ಪಾಲಿಸಲು ನೆರವಾದರು. ದಿನಾ ಅದೇ ದಾರಿಯಲ್ಲಿ ಹೋಗುವ ಎವರಾಲ್ದು, ಜಂದಿರಾರನ್ನು ತಮ್ಮ ಸೆರೆನಾ ಕಾರಿನಲ್ಲಿ ಕರೆದೊಯ್ಯುವುದಾಗಿ ಹೇಳಿದರು. ಈಗ ಎರಡು ವರ್ಷವಾಯಿತು. ಮುಂದೆ ಎವರಾಲ್ದು ಅವರ ಕಾರು ಹೋಗುತ್ತದೆ, ಅದರಲ್ಲಿ ಜಂದಿರಾ ಒಮ್ಮೊಮ್ಮೆ ತೂಕಡಿಸುತ್ತಾರೆ. ಹಿಂದೆ ವಾಲ್ದೆಮಿರ್ ಒಬ್ಬರೇ, ಪ್ರತಿ ಹಂಪನ್ನೂ ಓರೆಯಾಗಿ ಹತ್ತಿ, ಕಾರಿನ ಹೊಟ್ಟೆ ಕೆರೆಸಿಕೊಂಡು, ಅರ್ಧ ಗಂಟೆ ತಡವಾಗಿ ಬಾರಾ ತಲುಪುತ್ತಾರೆ. ಶಾಲೆಯಲ್ಲಿ ಅವರು ನಮಗೆಲ್ಲ ಹೇಳುವುದುಂಟು: "ಅದೇ ಸೆರೆನಾ ಮೇಲೆ ಅವಳು ನಿದ್ದೆ ಮಾಡ್ತಾಳೆ. ಸ್ಪ್ರಿಂಗ್‌ದು ತಪ್ಪಿಲ್ಲಪ್ಪ." ನಾವು ಒಪ್ಪುತ್ತೇವೆ. ಕಂಪನಿ ತನ್ನ ಜಾಹೀರಾತಿನಲ್ಲಿ ಜಂದಿರಾರ ಚಿತ್ರ ಹಾಕಿದೆ, ಕಣ್ಣು ಮುಚ್ಚಿದ್ದು. ಕೆಳಗೆ "ಬೆನ್ನೇ ಸಾಕ್ಷಿ" ಎಂದಿದೆ. ಅದನ್ನು ನೋಡಿ ಕಳೆದ ವರ್ಷ ಊರಿನ ಅರ್ಧ ಜನ ಸೆರೆನಾ ಹಾಕಿಸಿದರು. ಕಚೇರಿಯ ಮಾವಿನ ಮರದ ಕೆಳಗೆ, ಎವರಾಲ್ದು ಕಾರು ನಿಲ್ಲಿಸುವಲ್ಲಿ, ನೀರಿನ ಪೈಪು ಸೋರಿ ಕಲ್ಲುಹಾಸು ಒಂದು ಗೇಣು ಕುಸಿದಿರುವುದರ ದುರಸ್ತಿಯ ಅರ್ಜಿ ಹನ್ನೊಂದನೇ ವರ್ಷವೂ ಪರಿಶೀಲನೆಯಲ್ಲಿದೆ.

ಜಂದಿರಾರನ್ನು ಕೇಳಿದರೆ, ಬೆನ್ನು ಚೆನ್ನಾಗಿದೆ ಎಂದಷ್ಟೇ ಹೇಳುತ್ತಾರೆ. ಪ್ರತಿ ಬೆಳಿಗ್ಗೆ ಅವರು ತಮ್ಮ ಊಟದ ಚೀಲವನ್ನು ಎವರಾಲ್ದು ಅವರ ಡಿಕ್ಕಿಯಲ್ಲಿಡುತ್ತಾರೆ. ಇಪ್ಪತ್ತೆರಡು ವರ್ಷ ಮೊಹರುಗಳನ್ನು ನೋಡಿದ ಕಣ್ಣು ಅವರದು. ಡಿಕ್ಕಿಯ ಮೂಲೆಯಲ್ಲಿ ಒಂದು ಸೆರೆನಾ ಡಬ್ಬಿ ಇದೆ. ಅದರ ಅಸಲಿ ಮೊಹರು ಒಡೆದಿಲ್ಲ.