ಪಾತಾಳಪ್ಪನವರ ಹಸಿರು ಬಣ್ಣ

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಇಷ್ಟೇ: ಪಾತಾಳಪ್ಪನವರು ಜೀವಮಾನದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡಿದ್ದರು.

ಪಾತಾಳಪ್ಪ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ದಯಪಾಲಿಸಿದ್ದು. ಅವರು ಅಂತರ್ಜಲ ಇಲಾಖೆಯ ವಿಜ್ಞಾನಿ. ಯಾರೇ ಸಿಕ್ಕಲಿ, ಹಿಡಿದು ನಿಲ್ಲಿಸಿ, ಕಾಲಡಿಯ ಬಂಡೆಯ ಬಿರುಕುಗಳಲ್ಲಿ ನೀರು ಹೇಗೆ ಹರಿಯುತ್ತದೆಂದು ಅರ್ಧ ಗಂಟೆ ತಲೆ ತಿನ್ನುವರು. ದೂರದಿಂದ ಅವರ ಛತ್ರಿ ಕಂಡರೆ ಸಾಕು, ಜನ ಪಕ್ಕದ ಓಣಿಗೆ ತಿರುಗಿಬಿಡುತ್ತಿದ್ದರು.

ಹನ್ನೊಂದು ವರ್ಷದಿಂದ ಅವರದು ಒಂದೇ ಹಟ. ದಿಣ್ಣೆಯ ಮೇಲಿನ ಹಳೇ ಕಲ್ಲುಕ್ವಾರಿಯ ಗುಂಡಿಗೆ ಊರಿನ ಕಸವೆಲ್ಲ ಬೀಳುತ್ತದೆ. ಆ ಗುಂಡಿಯ ನೀರು ನೆಲದೊಳಗೇ ಇಳಿದು ತಮ್ಮ ಬೀದಿಯ ಬಾವಿಗೆ ಬರುತ್ತದೆ. "ಮಧ್ಯ ಗಟ್ಟಿ ಬಂಡೆ ಇದೆ ಕಣ್ರೀ, ನೀರು ಎಲ್ಲಿಂದ ಬರುತ್ತೆ?" ಎಂದು ಇಲಾಖೆಯ ದೊಡ್ಡ ಸಾಹೇಬರು ಹನ್ನೊಂದು ವರ್ಷವೂ ನಕ್ಕರು. ಕೊನೆಗೆ ಕಾಟ ತಾಳಲಾರದೆ ಒಂದು ಷರತ್ತು ಹಾಕಿದರು. ಗುಂಡಿಗೆ ಹಸಿರು ಬಣ್ಣ ಸುರಿಯುವುದು. ಪರೀಕ್ಷೆಗೆಂದೇ ಇರುವ, ಯಾರಿಗೂ ಅಪಾಯವಿಲ್ಲದ ಬಣ್ಣ. ಹದಿನಾಲ್ಕು ದಿನದಲ್ಲಿ ಬಾವಿ ಹಸಿರಾದರೆ ಕ್ವಾರಿಗೆ ಕಸ ಹಾಕುವುದು ಬಂದ್. ಆಗದಿದ್ದರೆ ಪಾತಾಳಪ್ಪನವರು ತಮ್ಮ ವಾದ ತಪ್ಪೆಂದು ಬರೆದುಕೊಟ್ಟು, ನಿವೃತ್ತಿಯಾಗುವ ತನಕ ಹಳೇ ನಕ್ಷೆಗಳ ಕೋಣೆಯಲ್ಲಿ ಧೂಳು ಹೊಡೆಯಬೇಕು.

"ಇನ್ನೊಂದು ಮಾತು. ಬೀದೀಲಿ ಒಂದು ನರಪಿಳ್ಳೆಗೂ ಇದು ಗೊತ್ತಾಗಬಾರದು. ಯಾರಾದ್ರೂ ಕೈಯಾಡಿಸಿದ್ರೆ ಪರೀಕ್ಷೆ ಕೆಟ್ಟ ಹಾಗೇ," ಎಂದರು ಸಾಹೇಬರು.

ಪಾತಾಳಪ್ಪನವರು ಬಾಯಿಗೆ ಬೀಗ ಜಡಿದರು. ಹೆಂಡತಿಗೆ ಕೂಡ, ಇಂಥ ದಿನ ಸಾಹೇಬರು ಬಾವಿ ನೋಡಲು ಬರುತ್ತಾರೆ ಅಂದದ್ದು ಬಿಟ್ಟರೆ ಬೇರೆ ಒಂದಕ್ಷರ ಹೇಳಲಿಲ್ಲ. ಹದಿಮೂರನೇ ದಿನ ಸಂಜೆ ನೋಡಿದಾಗ ನೀರು ತಿಳಿಯಾಗೇ ಇತ್ತು. ಅವರ ಲೆಕ್ಕದ ಪ್ರಕಾರ ಬಣ್ಣ ಬರಬೇಕಾದದ್ದು ಮರುದಿನ ಬೆಳಗ್ಗೆ. ಮೊದಲು ನೋಡುವ ಕಣ್ಣು ಸಾಹೇಬರದೇ ಆಗಲಿ ಎಂದು ಮರುದಿನ ಆರಕ್ಕೇ ಎದ್ದು, ಬಾವಿಯ ಕಡೆ ಕತ್ತೂ ತಿರುಗಿಸದೆ, ಅವರನ್ನು ಕರೆತರಲು ಹೊರಟರು. ಸಾಹೇಬರು ಪೇಪರ್ ಓದಿ, ಶೂಗೆ ಪಾಲಿಶ್ ಹಾಕಿ, ಕಾರು ಹತ್ತಿ ಬೀದಿಯ ತುದಿಗೆ ಬಂದಾಗ ಹನ್ನೊಂದಾಗಿತ್ತು.

ಅಲ್ಲಿ ನಿವೃತ್ತ ಡ್ರಿಲ್ ಮೇಷ್ಟ್ರು ಎರಡೂ ಕೈ ಚಾಚಿ ರಸ್ತೆಗೆ ಅಡ್ಡ ನಿಂತಿದ್ದರು. "ಸಾಹೇಬ್ರೇ, ಟೀ ಕುಡೀದೆ ಒಳಗೆ ಬಿಡೋ ಮಾತೇ ಇಲ್ಲ!"

ಟೈಲರ್ ಅಕ್ಕ ಕುರ್ಚಿ ತಂದು ಹಾಕಿದಳು. "ಕೂತ್ಕೊಳ್ಳಿ ಸಾರ್. ಈ ಅಂತರ್ಜಲ ಅಂದ್ರೆ ಏನು? ಬಿಡಿಸಿ ಹೇಳಿ, ಅವಸರ ಇಲ್ಲ."

"ಹನ್ನೊಂದು ವರ್ಷ ನನ್ನ ಕಂಡು ಓಡ್ತಿದ್ದೋರು ಇವತ್ತೇ ಕೇಳ್ಬೇಕಾ?" ಪಾತಾಳಪ್ಪನವರು ಹಲ್ಲು ಕಡಿದರು. "ದಾರಿ ಬಿಡಿ ಮೇಷ್ಟ್ರೇ!"

"ಬಿಸ್ಕತ್ತು ಬರ್ತಾ ಇದೆ."

ಬಿಸ್ಕತ್ತು ಬಂತು, ಎರಡನೇ ಟೀ ಬಂತು. ಬೀದಿಯೆಲ್ಲ ಒದ್ದೆ ಮುದ್ದೆ. "ನಿಮಗೋಸ್ಕರಾನೇ ತೊಳೆದ್ವಿ," ಎಂದರು ಮೇಷ್ಟ್ರು ಹಲ್ಲು ಕಿರಿದು. ಅಷ್ಟರಲ್ಲಿ ಬಾವಿಯ ಕಡೆಯಿಂದ ಯಾರೋ ಸೀಟಿ ಊದಿದರು. ಮೇಷ್ಟ್ರು ತಟ್ಟನೆ ಪಕ್ಕಕ್ಕೆ ಸರಿದು ಸಲಾಮು ಹೊಡೆದರು.

ಪಾತಾಳಪ್ಪನವರು ಓಡಿಹೋಗಿ ಬಗ್ಗಿ ನೋಡಿದರು. ನೀರು ತಿಳಿಯಾಗಿತ್ತು. ಒಂದು ಕೊಡ ಸೇದಿ ಬಿಸಿಲಿಗೆ ಹಿಡಿದರು, ಇನ್ನೊಂದು ಸೇದಿದರು, ಮತ್ತೊಂದು ಸೇದಿದರು. ಬಣ್ಣ ಹುಡುಕುವ ಭರದಲ್ಲಿ, ನೀರಿನ ಮಟ್ಟ ಅಳೆಯುವುದನ್ನು ಮರೆತರು. ಹನ್ನೊಂದು ವರ್ಷದಲ್ಲಿ ಎಂದೂ ಹಾಗಾಗಿರಲಿಲ್ಲ. ಹದಿನೇಳನೇ ಕೊಡಕ್ಕೆ ಸಾಹೇಬರೇ ಹಗ್ಗ ಹಿಡಿದುಕೊಂಡರು. "ಸಾಕು ಬಿಡಿ. ಹಟಕ್ಕೂ ಒಂದು ಮಿತಿ ಇರಬೇಕು."

ಬಾವಿಕಟ್ಟೆಯ ಮೇಲೇ ಕಾಗದ ಇಟ್ಟು ಪಾತಾಳಪ್ಪನವರು ಸಹಿ ಹಾಕಿದರು. ಅಳು ಒತ್ತರಿಸಿ ಬಂದು, ಸಹಿ ಸೊಟ್ಟಗಾಯಿತು.

ಕಾರು ತಿರುವು ದಾಟಿದ್ದೇ ತಡ, ಇಡೀ ಬೀದಿ ಚಪ್ಪಾಳೆ ತಟ್ಟಿತು.

"ಮಾನ ಉಳೀತು ಸಾರ್!" ಮೇಷ್ಟ್ರು ಅವರನ್ನು ತಬ್ಬಿಕೊಂಡರು. "ಬೆಳಗ್ಗೆ ನೋಡ್ತೀವಿ, ಬಾವಿ ಪೂರ್ತಿ ಗಿಳಿಹಸಿರು! ದೊಡ್ಡ ಸಾಹೇಬ್ರು ಬರೋ ದಿನವೇ ಹಿಂಗಾದ್ರೆ ನಿಮ್ಮ ಗತಿ ಏನು? ಎರಡು ಪಂಪು ಇಟ್ಟು ತಳ ಕಾಣೋವರೆಗೂ ಖಾಲಿ ಮಾಡಿದ್ವಿ."

"ಕಲ್ಲು ಕಲ್ಲೂ ಉಜ್ಜಿದೆ ನಾನು," ಎಂದಳು ಟೈಲರ್ ಅಕ್ಕ. "ಆಮೇಲೆ ಮೂರು ಟ್ಯಾಂಕರ್ ನೀರು ಹಾಕ್ಸಿದ್ವಿ. ನೀವು ಟೀ ಕುಡೀವಾಗ ಕೊನೇದು ಖಾಲಿ ಆಗ್ತಿತ್ತು."

ಪಾತಾಳಪ್ಪನವರ ಮುಖ ಇಂಗು ತಿಂದ ಮಂಗನಂತಾಯಿತು. "ಅಯ್ಯೋ ಪುಣ್ಯಾತ್ಮರಾ! ಆ ಹಸಿರು ನನ್ನದು ಕಣ್ರೋ! ಅದು ಬರಲಿ ಅಂತಲೇ ಹನ್ನೊಂದು ವರ್ಷ ಕಾದಿದ್ದು!"

"ರೀ, ಒಂದು ಮಾತು ನನಗಾದ್ರೂ ಹೇಳ್ಬಾರದಿತ್ತಾ?" ಹೆಂಡತಿ ಹಣೆ ಚಚ್ಚಿಕೊಂಡರು.

ಆದರೆ ಸೋಲೊಪ್ಪುವ ಜಾತಿಯೇ ಅವರು? ಹಸಿರು ಬಂದಿತ್ತು! ಹನ್ನೊಂದು ವರ್ಷದ ಮಾತು ನಿಜವಾಗಿತ್ತು! ನಿಂತ ಕಾಲಲ್ಲೇ ಇಲಾಖೆಗೆ ಓಡಿದರು.

ಸಾಹೇಬರು ಎಲ್ಲ ಕೇಳಿ ಗಲ್ಲ ಕೆರೆದುಕೊಂಡರು. "ಕಥೆ ಚೆನ್ನಾಗಿದೆ. ಸಾಕ್ಷಿ?"

"ಇಡೀ ಬೀದಿಯೇ ಸಾಕ್ಷಿ ಸಾರ್. ನಾನು ತುಟಿ ಬಿಚ್ಚಲ್ಲ. ನೀವೇ ಬಂದು ವಿಚಾರಿಸಿ."

ಸಾಹೇಬರು ಒರಟರಾದರೂ ನ್ಯಾಯಸ್ಥರು. ಸಹಿ ಮಾಡಿದ ಕಾಗದವನ್ನು ಜೇಬಿಗಿಟ್ಟುಕೊಂಡರು. "ಬೀದಿಯವರು ನೀವು ಹೇಳಿದ್ದನ್ನೇ ಹೇಳಿದ್ರೆ ಅಲ್ಲೇ ಹರಿದು ಹಾಕ್ತೀನಿ," ಎಂದು ಕಾರು ಹತ್ತಿದರು.

ಸಂಜೆ ನಾಲ್ಕಕ್ಕೆ ಕಾರು ಬಂದಾಗ ಬಾವಿಯ ಸುತ್ತ ಬೀದಿಯೇ ನೆರೆದಿತ್ತು. ಈ ಸಲ ಯಾರೂ ಅಡ್ಡ ಬರಲಿಲ್ಲ, ಟೀ ಅನ್ನಲಿಲ್ಲ. ಸಾಹೇಬರು ನೇರ ಹೋಗಿ ಬಗ್ಗಿದರು, ಬಗ್ಗಿದವರು ಹಾಗೇ ನಿಂತುಬಿಟ್ಟರು.

ಬಾವಿಯ ನೀರು ಹಸಿರಾಗಿತ್ತು. ಅಂಥಿಂಥ ಹಸಿರಲ್ಲ, ಕಣ್ಣು ಕುಕ್ಕುವ ಹಸಿರು.

"ಬಂತು!" ಪಾತಾಳಪ್ಪನವರು ಕೂಗಿದರು. "ಟ್ಯಾಂಕರ್ ನೀರನ್ನೂ ತಳ್ಳಿಕೊಂಡು ಬಂದೇಬಿಡ್ತು ಸಾರ್!"

"ನೀವು ಹೇಳಿದ್ದು ನಿಜ ಕಣ್ರೀ!" ಸಾಹೇಬರು ಕಾಗದ ಹೊರತೆಗೆದು, ಹರಿಯಲು ಎರಡೂ ಕೈಯಲ್ಲಿ ಹಿಡಿದರು. "ಹನ್ನೊಂದು ವರ್ಷ ನಿಮ್ಮನ್ನ ನೋಡಿ ನಗಾಡಿದೆ, ಕ್ಷಮಿಸಿ."

ಪಾತಾಳಪ್ಪನವರ ಕೆನ್ನೆಯ ಮೇಲೆ ಕಣ್ಣೀರು ಇಳಿಯಿತು. ಅದನ್ನು ಕಂಡು ಮೇಷ್ಟ್ರ ಕರುಳು ಚುರುಕ್ಕೆಂದಿತು. ಮುಂದೆ ಬಂದು, ಎದೆ ಸೆಟೆಸಿ, ಸಾಹೇಬರಿಗೆ ಸಲಾಮು ಹೊಡೆದರು.

"ಸಾಹೇಬ್ರೇ, ಹಸಿರು ಇಷ್ಟು ಸಾಕಾ? ಸಾಲದಿದ್ರೆ ಹೇಳಿ, ಇನ್ನೂ ಎರಡು ಡಬ್ಬಿ ಬಣ್ಣ ಉಳಿದಿದೆ."