ಅತ್ತೆಯ ಬಾಡಿಗಾರ್ಡ್ ಕೋರ್ಸು

ನಮ್ಮ ಅತ್ತೆಯಿಂದ ಜನರನ್ನು ಕಾಪಾಡಬೇಕಾದ ಸಂದರ್ಭಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅತ್ತೆಯೇ ಜನರನ್ನು ಕಾಪಾಡಲು ಹೊರಡುತ್ತಾಳೆಂದು ಮಾತ್ರ ಎಣಿಸಿರಲಿಲ್ಲ.

ಅತ್ತೆ ಎಂದರೆ ನನ್ನ ತಂದೆಯ ತಂಗಿ. ವರ್ತೂರಿನ ನಮ್ಮ ಮನೆಯಲ್ಲಿ ಕೆಳಗೆ ನಾವಿಬ್ಬರೇ, ಮೇಲೆ ಬಾಡಿಗೆಯವರು. ಅತ್ತೆಯ ವಯಸ್ಸು ಐವತ್ತು ದಾಟಿದೆ. ಎಷ್ಟು ದಾಟಿದೆ ಎಂದು ಹೇಳುವ ಧೈರ್ಯ ಆಧಾರ್ ಕಾರ್ಡಿಗೂ ಇಲ್ಲ; ಅದರಲ್ಲಿ ಹುಟ್ಟಿದ ವರ್ಷವೇ ತಪ್ಪು.

ಎಲ್ಲ ಶುರುವಾದದ್ದು ಮಹದೇವಪುರದ ಒಂದು ಒಡವೆ ಅಂಗಡಿಯ ಉದ್ಘಾಟನೆಯಿಂದ. ಯಾರೋ ನಟಿ ಬಂದಿದ್ದಳು, ಜನ ಮುಗಿಬಿದ್ದಿದ್ದರು. ನಟಿಯ ಕಾವಲಿಗೆ ಬಂದಿದ್ದ ಸಫಾರಿ ಸೂಟಿನ ಗಂಡಸರು, ಹೆಂಗಸರನ್ನು ಎಲ್ಲಿ ಮುಟ್ಟಿ ತಳ್ಳುವುದೆಂದು ತಿಳಿಯದೆ ಕೈ ಮೇಲೆತ್ತಿಕೊಂಡು ನಿಂತಿದ್ದರು. ಅತ್ತೆ ಹೋಗಿದ್ದದ್ದು ಅಲ್ಲಿ ಪುಕ್ಕಟೆ ಹಂಚುತ್ತಿದ್ದ ಕುಂಕುಮದ ಭರಣಿಗೆ. ಅಡ್ಡ ಬಂದವರನ್ನು ಮೊಣಕೈಯಿಂದ ಸರಿಸುತ್ತ ಅವಳು ನುಗ್ಗಿದ ರಭಸಕ್ಕೆ ಬಾಗಿಲಿನವರೆಗೆ ಒಂದು ದಾರಿಯೇ ತೆರೆದುಕೊಂಡಿತು. ಅವಳ ಬೆನ್ನ ಹಿಂದೆಯೇ ನಟಿ ಸುಖವಾಗಿ ಒಳಗೆ ನಡೆದುಹೋದಳು. ಸಫಾರಿಯವನೊಬ್ಬ ಬಹಳ ಗೌರವದಿಂದ ಕೇಳಿದನಂತೆ: “ಮೇಡಂ, ನೀವು ಯಾವ ಏಜೆನ್ಸಿ?”

ಇಂಥ ಪ್ರಶ್ನೆ ಕೇಳಿಸಿಕೊಂಡ ಮೇಲೆ ಯಾರಿಗೆ ತಾನೇ ಮನೆಗೆಲಸ ರುಚಿಸುತ್ತದೆ? ಬಂದವಳೇ ಭರಣಿ ಕೆಳಗಿಟ್ಟು, “ನಾನ್ ಬಾಡಿಗಾರ್ಡ್ ಆಗ್ತೀನಿ ಕಣೋ,” ಎಂದಳು.

“ಅವ್ರಿಗೆ ಫಂಕ್ಷನ್ನಲ್ಲಿ ಊಟ ಕೊಡಲ್ಲ ಅತ್ತೆ. ನಿಂತೇ ಇರ್ಬೇಕು.”

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಮನೇಲೇ ಉಂಡ್ಕೊಂಡ್ ಓಗ್ತೀನಿ ಬುಡು.”

ಕೋರ್ಸು ಹುಡುಕುವ ಕೆಲಸ ನನ್ನ ಮತ್ತು ನನ್ನ ಸ್ಕೂಟರಿನ ಪಾಲಿಗೆ ಬಂತು. ಮೊದಲು ಹೋದ ಕಡೆ ಕೌಂಟರಿನ ಹುಡುಗಿ ಅತ್ತೆಯನ್ನು ಮೇಲಿಂದ ಕೆಳಗೆ ನೋಡಿ, “ಆನ್‌ಲೈನ್ ಕೋರ್ಸೂ ಇದೆ ಮೇಡಂ, ಮನೇಲೇ ಕೂತು ಕಲೀಬೋದು,” ಎಂದಳು.

“ಮನೇಲಿ ಕುಂತ್ಕೊಂಡು ಯಾರ್ನ ಕಾಯ್ಲವ್ವ, ಗ್ಯಾಸ್ ಸಿಲಿಂಡರ್‌ನಾ?”

ಎರಡನೆಯದು ಬೊಮ್ಮನಹಳ್ಳಿಯಲ್ಲಿ, ಒಂದು ಜಿಮ್ಮಿನ ಮೇಲಿನ ಮಹಡಿ. ಹೇಳಿಕೊಡುವವನ ತೋಳುಗಳು ನನ್ನ ತೊಡೆಯಷ್ಟು ದಪ್ಪಗಿದ್ದವು. ಆದರೆ ಕುತ್ತಿಗೆಗೆ ಪಟ್ಟಿ ಹಾಕಿಕೊಂಡಿದ್ದ. ಏನಾಯಿತಪ್ಪ ಎಂದರೆ, ಮಲಗಿದ್ದಾಗ ಉಳುಕಿತಂತೆ. ಅತ್ತೆ ಮೆಟ್ಟಿಲಿಳಿಯುತ್ತ, “ದಿಂಬಿನ ಕೈಲಿ ಒದೆ ತಿಂದೋನ ಅತ್ರ ನಾನೇನೋ ಕಲೀಲಿ?” ಎಂದಳು.

ಮೂರನೆಯವರು ಸೈನ್ಯದಿಂದ ನಿವೃತ್ತರಾದ ಒಬ್ಬ ಮೇಷ್ಟ್ರು. ಇನ್ನೂ ಮನೆಗಳೇಳದ ಬಡಾವಣೆಯೊಂದರ ಬಯಲಿನಲ್ಲಿ ಅವರ ಶಿಬಿರ. ಅವರು ಅತ್ತೆಯನ್ನು ನೋಡಿ ನಗಲಿಲ್ಲ. “ಹೆಂಗಸರು ಬೇಕು ಅಂತ ತುಂಬ ಕಡೆ ಕೇಳ್ತಾರಮ್ಮ. ಒಂದು ತಿಂಗಳು ಓಡಿ, ಕಮ್ಮಿ ಮಾತಾಡಿ, ಆಮೇಲೆ ಬನ್ನಿ. ಟೆಸ್ಟ್ ಮಾಡಿ ಸೇರಿಸ್ಕೋತೀನಿ,” ಎಂದರು. ಆ ವಾರವೆಲ್ಲ ಅವಳ ಮಾತು ಕೇಳಿ ನಗದವರು ಅವರೊಬ್ಬರೇ. ಅತ್ತೆ ಅಲ್ಲಿಗೇ ಸೇರುವುದೆಂದು ಗಟ್ಟಿಮಾಡಿಕೊಂಡಳು.

ಓಟ ಗಬ್ಬುನಾರುವ ವರ್ತೂರು ಕೆರೆಯ ಏರಿಯ ಮೇಲೆ. ಸೀರೆಯನ್ನು ಮೊಣಕಾಲಿಗೆತ್ತಿ ಕಟ್ಟಿ, ನನ್ನ ಹಳೆಯ ಬೂಟು ತೊಟ್ಟು ಅವಳು ಮುಂದೆ. ಮೂಗು ಮುಚ್ಚಿಕೊಂಡು ನಾನು ಹಿಂದೆ. “ಈ ವಾಸ್ನೇಲಿ ಓಡೋದ್ ಕಲ್ತ್‌ಬುಟ್ರೆ ಯಾವ ಗ್ಯಾಸ್ ಬಿಟ್ರೂ ನಮ್ಗೇನೂ ಆಗಲ್ಲ ಕಣೋ,” ಎಂದು ನನಗೇ ಧೈರ್ಯ ಹೇಳುತ್ತಿದ್ದಳು.

ಬಾಯಿ ಮುಚ್ಚುವುದು ಓಟಕ್ಕಿಂತ ಕಷ್ಟವಾಯಿತು. ಒಂದು ಬೆಳಗ್ಗೆ ತುಟಿ ಬಿಗಿದುಕೊಂಡು ಜಗಲಿಯ ಮೇಲೆ ಕೂತಳು. ಹಾಲಿನವನು ಮಾತಾಡಿಸಿ ನೋಡಿ, ಹೆದರಿ, ಬೀದಿಗೆಲ್ಲ ಸುದ್ದಿ ಮುಟ್ಟಿಸಿದ. ತಿಂಡಿಯ ಹೊತ್ತಿಗೆ ಅರ್ಧ ಬೀದಿ ಎಳನೀರು, ಬಾಳೆಹಣ್ಣು ಹಿಡಿದು ನಮ್ಮ ಅಂಗಳದಲ್ಲಿತ್ತು. “ಲಕ್ವ ಒಡೆದಿದ್ದು ಎಡಕ್ಕಾ, ಬಲಕ್ಕಾ?” ಎಂದು ಪಕ್ಕದ ಮನೆಯ ಅಜ್ಜಿ ನನ್ನನ್ನು ಕೇಳಿತು. ಅತ್ತೆ ಬಾಯಿ ಬಿಟ್ಟಳು. ಬಂದವರೆಲ್ಲ ಬಾಳೆಹಣ್ಣನ್ನು ಅಲ್ಲೇ ಬಿಟ್ಟು ಹೋದರು.

ಕಾಯುವುದನ್ನು ಕಲಿಯಲು ಯಾರಾದರೂ ಗಣ್ಯರು ಬೇಕಲ್ಲ? ಮೇಲಿನ ಬಾಡಿಗೆ ಮನೆಯ ಯಾದಗಿರಿಯ ಶರಣಮ್ಮ ಸಿಕ್ಕಿಬಿದ್ದಳು. ಆಕೆ ತರಕಾರಿಗೆ ಹೊರಟರೆ ಅತ್ತೆ ಒಂದು ಹೆಜ್ಜೆ ಹಿಂದೆ, ಎಡಬಲ ದುರುಗುಟ್ಟುತ್ತ. ಗಾಡಿಯವನು ಏನೋ ತೆಗೆಯಲು ಕೆಳಗೆ ಬಗ್ಗಿದ. ಅತ್ತೆ ಚಂಗನೆ ಹಾರಿ ಅವನ ಕೈ ತಿರುಚಿದಳು. ಕೈಯಿಂದ ಬಿದ್ದದ್ದು ಒಂದು ಕಟ್ಟು ಕೊತ್ತಂಬರಿ ಸೊಪ್ಪು.

“ಯವ್ವಾ, ನಾ ಮೆಣಸಿನಕಾಯಿ ತಗೊಳ್ಳಾಕ ಬಂದೀನ್ರಿ. ಯುದ್ಧಕ್ಕ ಬಂದಿಲ್ರಿ,” ಎಂದು ಶರಣಮ್ಮ ನಡುಬೀದಿಯಲ್ಲಿ ಕೈಮುಗಿದಳು.

ಅಂತೂ ತಿಂಗಳು ಕಳೆದು ಟೆಸ್ಟಿನ ದಿನ ಬಂತು. ಮೇಷ್ಟ್ರು ಒಬ್ಬ ಯುವಕನಿಗೆ ಕೋಟು ತೊಡಿಸಿ ಗಣ್ಯವ್ಯಕ್ತಿ ಮಾಡಿದರು. ಹಳೆಯ ವಿದ್ಯಾರ್ಥಿಗಳೆಲ್ಲ ನೂಕುನುಗ್ಗಲಿನ ಜನವಾದರು. ಅತ್ತೆ ಅವನನ್ನು ಆ ಗುಂಪಿನಿಂದ ಪಾರುಮಾಡಿ ಕಾರು ಹತ್ತಿಸಬೇಕು. “ಮಧ್ಯೆ ಏನ್ ಬೇಕಾದ್ರೂ ಆಗ್ಬೋದು. ಇವರನ್ನ ಮಾತ್ರ ಬಿಡಬಾರ್ದು,” ಎಂದರು ಮೇಷ್ಟ್ರು.

ಅತ್ತೆ ಏನು ಚೆನ್ನಾಗಿ ನಡೆದಳೆಂದರೆ, ದೂರದ ಬೇಲಿಯ ಹತ್ತಿರ ನಿಂತಿದ್ದ ನನಗೆ ಹೆಮ್ಮೆಯಾಯಿತು. ಕಾರು ಇನ್ನೇನು ನಾಲ್ಕು ಮಾರು ದೂರದಲ್ಲಿತ್ತು. ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಮೇಷ್ಟ್ರ ಹುಡುಗರು ಹಚ್ಚಿಟ್ಟಿದ್ದ ಪಟಾಕಿ ಸಿಡಿಯಿತು. ನಾನು ಬೆಚ್ಚಿ, ಕಾಲು ತೊಡರಿ, ಹೊಗೆಯೊಳಗೆ ಕುಸಿದು ಕೂತೆ.

ಅತ್ತೆ ತಿರುಗಿ ನೋಡಿದಳು. ಯುವಕನ ಕೈಬಿಟ್ಟಳು. ಕೆರೆ ಏರಿಯ ಮೇಲೆ ಒಂದು ದಿನವೂ ಓಡದ ವೇಗದಲ್ಲಿ ಬಯಲು ದಾಟಿ ಬಂದು ನನ್ನನ್ನು ನೆಲಕ್ಕೆ ಕೆಡವಿ ಮೇಲೆ ಕವುಚಿಕೊಂಡಳು. ತಲೆ ಕಲ್ಲಿಗೆ ಬಡಿಯದಂತೆ ಅಡಿಯಲ್ಲಿ ಅವಳ ಅಂಗೈ ಇತ್ತು. ಎರಡನೆಯ ಪಟಾಕಿ ಸಿಡಿದಾಗ ಇನ್ನೂ ಬಿಗಿಯಾಗಿ ಹಿಡಿದಳು.

ಮೇಷ್ಟ್ರು ಬಂದು ನಿಂತರು. “ಅಮ್ಮ, ನೀವು ಕಾಯಬೇಕಾದವರು ಅಲ್ಲಿದ್ದಾರೆ,” ಎಂದರು. ಕೋಟಿನ ಯುವಕ ಬಯಲಿನ ನಡುವೆ ಒಬ್ಬನೇ ನಿಂತಿದ್ದ. ಅತ್ತೆ ಅತ್ತ ತಿರುಗಲೂ ಇಲ್ಲ. “ಈ ಸಲ ಆಗಲ್ಲಮ್ಮ,” ಎಂದು ಮೆಲ್ಲಗೆ ಹೇಳಿ ಮೇಷ್ಟ್ರು ದೂರ ಸರಿದರು.

“ಎಲ್ಲಿ ಏಟಾಯ್ತೋ? ತೋರ್ಸು. ತೋರ್ಸೋ,” ಎನ್ನುತ್ತ ಅವಳು ನನ್ನ ಹಣೆ, ಕಿವಿ, ಬೆನ್ನು ತಡವುತ್ತಿದ್ದಳು.

“ಪಟಾಕಿ ಅತ್ತೆ. ಬರೀ ಪಟಾಕಿ.”

ನನ್ನದು ನೆರೆತ ತಲೆ. ಸುತ್ತ ಅಷ್ಟೂ ಜನ ನೋಡುತ್ತಿದ್ದರು. ಎದ್ದು ಮೈ ಕೊಡವಿಕೊಳ್ಳಬೇಕಿತ್ತು. ಅತ್ತೆಯ ಕೈ ಇನ್ನೂ ಏಟು ಹುಡುಕುತ್ತಿತ್ತು. ಅದು ನಿಲ್ಲುವವರೆಗೂ ನಾನು ಮಣ್ಣಿನಲ್ಲಿ ಹಾಗೆಯೇ ಮಲಗಿದ್ದೆ.